ನಮ್ಮೂರಿನ ಐದು ರೂಪಾಯಿ ನೀರು: ರುಚಿ, ವೇಳೆ, ಬ್ಯಾಳಿ

ಕುಷ್ಟಗಿ ತಾಲ್ಲೂಕಿನ ನಮ್ಮೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಶುರುವಾಗಿ ಮೂರು ವರ್ಷ ಆಯ್ತು. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬರುತ್ತದೆ. ಸಮಾಜಕಾರ್ಯ ಎಂಎ ಪ್ರಬಂಧಕ್ಕಾಗಿ ಒಂದು ತಿಂಗಳು ನೋಟ್‌ಬುಕ್ ಹಿಡಿದು ಇದರ ಕಟ್ಟೆ ಮೇಲೆ ಕೂತಿದ್ದೆ. ಯಾರು ಬರುತ್ತಾರೆ, ಯಾರು ಬರುವುದಿಲ್ಲ, ಯಾಕೆ ಅಂತ ಬರೆದುಕೊಂಡೆ.

ನೀರು ಚಲೋ ಇದೆ. ನಮ್ಮ ಕಡೆ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಹೆಚ್ಚು, ಅದು ಹಲ್ಲು, ಎಲುಬು ಕೆಡಿಸುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕಾಯಿಸಿದರೆ ಅದು ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಲ್ಲಿ ಹೆಚ್ಚುತ್ತದೆ. ಘಟಕದ ಆರ್‌ಒ, ಅಂದರೆ ನೀರನ್ನು ಒತ್ತಡದಲ್ಲಿ ಪೊರೆಯಿಂದ ಸೋಸುವ ಯಂತ್ರ, ಅದನ್ನು ತೆಗೆಯುತ್ತದೆ. ನನ್ನ ಮುಂದಿನ ಹಲ್ಲಿನ ಕಂದು ಗೆರೆ ಚಿಕ್ಕಂದಿನ ನೀರಿನದು. ಅಣ್ಣನ ಮಗಳಿಗೆ ಮೂರು ವರ್ಷ. ಮುಂದೆ ಬರುವ ಹಲ್ಲು ಈಗಲೇ ಒಸಡಿನೊಳಗೆ ತಯಾರಾಗುತ್ತಿರುತ್ತವೆ, ಅದಕ್ಕೆ ಅವಳಿಗೆ ಬೇರೆ ನೀರು ಕೊಡುವುದೇ ಇಲ್ಲ.

ಆದರೆ ಘಟಕ ತೆರೆಯೋದು ಬೆಳಿಗ್ಗೆ 7ರಿಂದ 11. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಅಷ್ಟೊತ್ತಿಗೆ ಟಂಟಂ ಹತ್ತಿ ಹೋಗಿರುತ್ತಾರೆ, ಸಂಜೆ ಬಂದರೆ ಬೀಗ. ಬೈಕ್ ಇರುವ ಮನೆಗೆ ಎರಡು ನಿಮಿಷದ ಕೆಲಸ. ಇಲ್ಲದವರು 20 ಕೆಜಿ ತಲೆ ಮೇಲೆ ಹೊತ್ತು ದಿಬ್ಬ ಹತ್ತಬೇಕು. ಹಳೇ ದಪ್ಪ ಕಾಯಿನ್ ಹಾಕಿದರೆ ಟಣ್ ಅಂತ ಕೆಳಗೆ ಉರುಳುತ್ತದೆ, ಹಿಂದೆ ಸಾಲು ಬೆಳೆಯುತ್ತದೆ. ಬಡವರಿಗೆ ತಿಳುವಳಿಕೆ ಇಲ್ಲ ಅನ್ನುವವರು ಒಂದು ಸಂಜೆ ಆ ಬೀಗದ ಮುಂದೆ ನಿಂತು ನೋಡಬೇಕು.

ಪಕ್ಕದ ಮನೆ ದೊಡ್ಡವ್ವ ಮಾತ್ರ ಬೇರೆ ಕಾರಣಕ್ಕೆ ಬರುತ್ತಿರಲಿಲ್ಲ. "ಸಪ್ಪಗೈತವ್ವ, ನೀರಡಿಕಿ ಹೋಗಂಗಿಲ್ಲ" ಅಂದಳು. ಹಲ್ಲು, ಎಲುಬು, ಮೊಣಕಾಲು ಎಲ್ಲ ಹೇಳಿದೆ, ತಲೆ ಆಡಿಸಿ ಸುಮ್ಮನಾದಳು. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಾಗ ಘಟಕದ ನೀರಿನಲ್ಲಿ ತೊಗರಿ ಬ್ಯಾಳಿ ಬೆಂದು ಒಡೆದದ್ದು ನೋಡಿದಳು. ಅವಳ ಬೋರಿನ ಗಡಸು ನೀರಿನಲ್ಲಿ ಅದು ಎಷ್ಟು ಹೊತ್ತಾದರೂ ಕಾಳು ಕಾಳಾಗೇ ಇರುತ್ತಿತ್ತು. "ಇಷ್ಟು ಲಗೂ ಬೇಯ್ತಾವೇನವ್ವ?" ಅಂದವಳು ಮರುದಿನವೇ ಮೊಮ್ಮಗನ ಕೈಲಿ ಕ್ಯಾನ್ ಕಳಿಸಿದಳು. ಅಡುಗೆ ನೀರಿನಿಂದಲೂ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ, ಹಾಗಾಗಿ ಇದು ಸಣ್ಣ ಬದಲಾವಣೆಯಲ್ಲ. ನನ್ನ ಪ್ರಬಂಧದ ಅತಿ ಮುಖ್ಯ ಪುಟ ಈ ಬ್ಯಾಳಿಯದೇ.

ನೀರಿಗೆ ಐದಕ್ಕೆ ಐದು, ವೇಳೆಗೆ ಎರಡು. ಸಂಜೆ 6ರಿಂದ 8ರವರೆಗೂ ತೆರೆಯಿರಿ ಅಂತ ಅರ್ಜಿ ಬರೆದಿದ್ದೇವೆ. ದೊಡ್ಡವ್ವನೂ ಹೆಬ್ಬೆಟ್ಟು ಒತ್ತಿದ್ದಾಳೆ. ಕುಡಿಯಲು ಇನ್ನೂ ಬೋರಿನ ನೀರೇ ಬೇಕು ಅನ್ನುತ್ತಾಳೆ.