ಹರಳು ವ್ಯಾಮ್, ನೀರಿಗೆ ಬೆರೆಸುವ ಪುಡಿ, ಕುಂಡದಲ್ಲಿ ಬೆಳೆಸಿದ ಮೈಕೊರೈಜಾ: ಯಾವುದು ಬೇರು ಹಿಡಿಯಿತು?

ಬೇರಿನೊಳಗೆ ಸೇರಿಕೊಂಡು ಬದುಕುವ ಶಿಲೀಂಧ್ರ, ಅಂದರೆ ಮೈಕೊರೈಜಾ ಹಾಕಿದರೆ ಗಿಡ ಚೆನ್ನಾಗಿ ಬರುತ್ತದೆ ಅಂತ ಹೇಳುವವರು ಜಾಸ್ತಿ. ಯಾವ ರೂಪದಲ್ಲಿ, ಎಲ್ಲಿ ಹಾಕಬೇಕು ಅನ್ನೋದನ್ನು ಹೇಳುವವರು ಕಡಿಮೆ. ಅದಕ್ಕೇ ಮೂರು ಬಗೆಯನ್ನು ಅಕ್ಕಪಕ್ಕ ಇಟ್ಟು ನೋಡಿದೆ: ಹರಳಿನ ವ್ಯಾಮ್ (VAM, ಈ ಮೈಕೊರೈಜಾದ ಇನ್ನೊಂದು ಹೆಸರು), ನೀರಿಗೆ ಬೆರೆಸಿ ಸುರಿಯುವ ಪುಡಿ, ಕುಂಡದಲ್ಲಿ ನಾನೇ ಬೆಳೆಸಿಕೊಂಡ ಮಣ್ಣು. ಜೊತೆಗೆ ಏನೂ ಹಾಕದ ಒಂದು ಸಾಲು. ಅದಿಲ್ಲದಿದ್ದರೆ ಗಿಡ ಯಾವುದರಿಂದ ಬೆಳೆಯಿತು ಅಂತ ಹೇಳೋದು ಹೇಗೆ, ಅಲ್ವಾ?

ನೆಟ್ಟಿದ್ದು ಈರುಳ್ಳಿ ಮತ್ತು ಮೆಣಸಿನಕಾಯಿ ಗಿಡ. ಈರುಳ್ಳಿಯನ್ನು ಬೇಕಂತಲೇ ಆರಿಸಿದೆ. ಅದರ ಬೇರಿಗೆ ಕವಲು ಕಡಿಮೆ, ಕೂದಲಿನಂಥ ಎಳೆಗಳು ಇನ್ನೂ ಕಡಿಮೆ. ರಂಜಕ ಮಣ್ಣಿನಲ್ಲಿ ಅಷ್ಟಾಗಿ ಓಡಾಡುವುದಿಲ್ಲ. ಬೇರಿನ ಪಕ್ಕದ ಒಂದೆರಡು ಮಿಲಿಮೀಟರ್ ಜಾಗದಲ್ಲಿದ್ದದ್ದನ್ನು ಗಿಡ ಹೀರಿಕೊಂಡರೆ ಅಲ್ಲಿ ಖಾಲಿ. ಶಿಲೀಂಧ್ರದ ಎಳೆಗಳು ಆ ಖಾಲಿ ಜಾಗವನ್ನು ದಾಟಿ, ಹಲವು ಸೆಂಟಿಮೀಟರ್ ಆಚೆಯಿಂದ ರಂಜಕ, ಸತು ತಂದುಕೊಡುತ್ತವೆ. ಪುಕ್ಕಟೆ ಏನಲ್ಲ. ಗಿಡ ತಾನು ತಯಾರಿಸಿದ ಆಹಾರದಲ್ಲಿ ಶೇ. 4ರಿಂದ 20ರವರೆಗೂ ಅದಕ್ಕೆ ಕೊಡಬೇಕಾಗುತ್ತದೆ.

ಸೋತದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಬೆಳೆದು ನಿಂತ ಗಿಡದ ಬುಡಕ್ಕೆ ಪುಡಿ ಬೆರೆಸಿದ ನೀರು ಸುರಿದದ್ದು ವ್ಯರ್ಥ. ಈ ಶಿಲೀಂಧ್ರಗಳ ಬೀಜಾಣು ದೊಡ್ಡದು, ಮೇಲ್ಮಣ್ಣಿನಲ್ಲೇ ಸೋಸಿಹೋಗುತ್ತದೆ. ಅದೇ ಪುಡಿಯನ್ನು ಗಂಜಿಯಂತೆ ಕಲಸಿ, ಸಸಿಯ ಬೇರನ್ನು ಅದರಲ್ಲಿ ಅದ್ದಿ ನೆಟ್ಟಾಗ ಪರವಾಗಿಲ್ಲ ಅನ್ನಿಸಿತು.

ಹರಳು ನಂಬಿಕಸ್ಥ. ನಾಟಿ ಗುಳಿಯಲ್ಲಿ ಬೇರಿಗೆ ತಾಗುವಂತೆ ಹಾಕಿದ್ದು ಕೆಲಸ ಮಾಡಿತು. ಸಸಿ ಟ್ರೇಯ ಮಿಶ್ರಣಕ್ಕೇ ಸೇರಿಸಿದ್ದು ಇನ್ನೂ ಚೆನ್ನಾಗಿ ಮಾಡಿತು. ಬೇರು ಎಳೆಯದಾಗಿರುವಾಗಲೇ ಶಿಲೀಂಧ್ರ ಒಳಹೊಕ್ಕರೆ, ನಾಟಿ ಮಾಡಿದ ಮೇಲೆ ಗಿಡ ಬೇಗ ಚೇತರಿಸಿಕೊಳ್ಳುತ್ತದೆ. ಮೆಣಸಿನಲ್ಲಿ ಹರಳಿಗೂ ನನ್ನ ಕುಂಡದ ಮಣ್ಣಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈರುಳ್ಳಿಯಲ್ಲಿ ಮಾತ್ರ ಕುಂಡದ ಮಣ್ಣೇ ಮುಂದೆ. ಇದನ್ನು ತಯಾರಿಸಲು ತಾಳ್ಮೆ ಬೇಕು, ಯಾಕೆಂದರೆ ಈ ಶಿಲೀಂಧ್ರ ಜೀವಂತ ಬೇರಿಲ್ಲದೆ ಬೆಳೆಯುವುದೇ ಇಲ್ಲ. ಬಹಳ ದಿನ ಅಗೆಯದೆ ಬಿಟ್ಟ ಹುಲ್ಲಿನ ಬುಡದ ಮಣ್ಣನ್ನು ಬೇರಿನ ಸಮೇತ ತಂದು, ಮರಳಿನ ಜೊತೆ ಕಲಸಿ, ಮೆಕ್ಕೆಜೋಳ ಬಿತ್ತಿದೆ. ರಂಜಕದ ಗೊಬ್ಬರ ಹಾಕಲಿಲ್ಲ. ಮೂರು ನಾಲ್ಕು ತಿಂಗಳು ಬೆಳೆದ ಮೇಲೆ ಗಿಡ ಕತ್ತರಿಸಿ, ನೀರು ನಿಲ್ಲಿಸಿ, ಮಣ್ಣು ಒಣಗಲು ಬಿಟ್ಟೆ. ಆಮೇಲೆ ಬೇರನ್ನು ಸಣ್ಣಗೆ ಕತ್ತರಿಸಿ ಅದೇ ಮಣ್ಣಿಗೆ ಸೇರಿಸಿದೆ. ಆ ಬೇರಿನ ತುಂಡುಗಳೂ ಬೀಜಾಣುವಿನಷ್ಟೇ ಮುಖ್ಯ. ಆದರೆ ಮೆಕ್ಕೆಜೋಳದ ಬೇರಿನಲ್ಲಿ ಗಂಟು ಕಂಡರೆ ಆ ಕುಂಡವನ್ನೇ ಬಿಟ್ಟುಬಿಡಿ. ಶಿಲೀಂಧ್ರದ ಜೊತೆ ಬೇರು ಕೆಡಿಸುವ ನೆಮಟೋಡ್ ಹುಳ ಕೂಡ ತೋಟಕ್ಕೆ ಬರುತ್ತದೆ. ಹರಳು ಕೊಳ್ಳುವವರಿಗೆ ಈ ತಲೆನೋವು ಕಡಿಮೆ.

ಎಲೆ ನೋಡಿ ತೀರ್ಪು ಕೊಡುವುದು ನನಗೆ ಸಮಾಧಾನ ತರಲಿಲ್ಲ, ಬೇರನ್ನೇ ನೋಡಿದೆ. ತೊಳೆದ ಬೇರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕುದಿಸಿ ಬಣ್ಣ ತೆಗೆಯಬೇಕು (ಕೈಗವಸು, ಕನ್ನಡಕ ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ಚರ್ಮ ಸುಡುತ್ತದೆ). ಆಮೇಲೆ ವಿನೆಗರ್‌ಗೆ ಶೇ. 5ರಷ್ಟು ಪೆನ್ನಿನ ಇಂಕು ಬೆರೆಸಿ ಅದರಲ್ಲಿ ಕೆಲವು ನಿಮಿಷ ಕುದಿಸಬೇಕು. 1998ರಿಂದ ಪ್ರಯೋಗಾಲಯಗಳಲ್ಲೂ ಬಳಕೆಯಲ್ಲಿರುವ ವಿಧಾನ ಇದು. ಮೈಕ್ರೋಸ್ಕೋಪಿನಡಿ ಬೇರಿನ ಕೋಶಗಳು ಪಾರದರ್ಶಕ, ಅವುಗಳ ನಡುವೆ ಶಿಲೀಂಧ್ರದ ನೀಲಿ ಎಳೆಗಳು, ಕೆಲವು ಕೋಶಗಳ ಒಳಗೆ ನುಣ್ಣಗೆ ಕವಲೊಡೆದ ನೀಲಿ ಪೊದೆ. ಗಿಡಕ್ಕೂ ಶಿಲೀಂಧ್ರಕ್ಕೂ ಕೊಡುಕೊಳ್ಳುವಿಕೆ ನಡೆಯುವುದು ಅಲ್ಲೇ. ಕುಂಡದ ಮಣ್ಣು ಹಾಕಿದ ಈರುಳ್ಳಿಯಲ್ಲಿ ನೀಲಿ ದಟ್ಟವಾಗಿತ್ತು. ಬುಡಕ್ಕೆ ಸುರಿದ ಸಾಲಿನ ಬೇರು ಏನೂ ಹಾಕದ ಸಾಲಿನ ಥರವೇ ಇತ್ತು. ಅಲ್ಲೂ ಒಂದಿಷ್ಟು ನೀಲಿ ಇತ್ತು ಅನ್ನಿ, ಮಣ್ಣಿನಲ್ಲಿ ಇವು ಮೊದಲೇ ಇರುತ್ತವೆ.

ಇನ್ನೊಂದು ಪಾತಿಗೆ ಸೂಪರ್ ಫಾಸ್ಫೇಟ್ ಧಾರಾಳವಾಗಿ ಹಾಕಿ ಇವನ್ನೇ ನೆಟ್ಟಿದ್ದೆ. ಅಲ್ಲಿ ನಾಲ್ಕೂ ಸಾಲು ಒಂದೇ. ರಂಜಕ ಸುಲಭವಾಗಿ ಸಿಕ್ಕರೆ ಗಿಡ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ಅಂಥ ಮಣ್ಣಿಗೆ ವ್ಯಾಮ್ ಕೊಳ್ಳುವುದು ಸುಮ್ನೆ ಖರ್ಚು.

ಈಗ ನನ್ನ ಲೆಕ್ಕ ಹೀಗೆ: ಸಸಿ ಟ್ರೇಗೆ ಹರಳು, ಈರುಳ್ಳಿ ಪಾತಿಗೆ ಕುಂಡದ ಮಣ್ಣು, ಪುಡಿ ಬೇಡ. ಕೋಸು, ಮೂಲಂಗಿ, ಸಾಸಿವೆಗೆ ಯಾವುದೂ ಬೇಡ, ಆ ಕುಟುಂಬದ ಗಿಡಗಳು ಈ ಶಿಲೀಂಧ್ರದ ಜೊತೆ ಕೂಡುವುದಿಲ್ಲ. ಇನ್ನು ಟ್ರೈಕೋಡರ್ಮಾವನ್ನು ಈ ಸಾಲಿಗೆ ಸೇರಿಸಬೇಡಿ. ಅದು ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಬೇರೆಯೇ ಜಾತಿ. ಹರಳಿನ ಪ್ಯಾಕೆಟ್ ಕೊಳ್ಳುವಾಗ ತಯಾರಾದ ದಿನಾಂಕ ಮತ್ತು ಶಿಲೀಂಧ್ರದ ಹೆಸರು ನೋಡಿ. ಗ್ಲೋಮಸ್ ಅಥವಾ ರೈಜೋಫೇಗಸ್ ಅಂತಿದ್ದರೆ ತರಕಾರಿಗೆ ಸರಿ. ಪೈಸೊಲಿಥಸ್ ಒಂದೇ ಇದ್ದರೆ ಅದು ಪೈನ್, ನೀಲಗಿರಿಯಂಥ ಮರಗಳಿಗೆ.