ರಣಥಂಬೋರ್ ಇಲ್ಲಾ ಸರಿಸ್ಕಾ–ಭಾನ್‌ಗಢ್: ಕೋಟೆ, ಹುಲಿ ಎರಡೂ ಬೇಕು ಅನ್ನೋರಿಗೆ ನನ್ನ ಹೋಲಿಕೆ

ರಾಜಸ್ಥಾನಕ್ಕೆ ಹೊರಟಿದ್ದೀವಿ, ಕೋಟೆನೂ ನೋಡ್ಬೇಕು ಹುಲಿನೂ ನೋಡ್ಬೇಕು, ರಣಥಂಬೋರ್ ಒಳ್ಳೇದಾ ಸರಿಸ್ಕಾ ಒಳ್ಳೇದಾ ಅಂತ ನಮ್ ಕಡೆಯೋರು ಸುಮಾರು ಜನ ಕೇಳ್ತಾರೆ. ಎರಡೂ ಕಡೆ ಸಫಾರಿ ಮಾಡಿ, ಕೋಟೆ ಹತ್ತಿ ಬಂದಿದ್ದೀನಿ, ಅದಕ್ಕೆ ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಹುಲಿ ಲೆಕ್ಕ ಇಟ್ಕೊಂಡು ಆರಿಸ್ಬೇಡಿ, ಕೋಟೆ ಲೆಕ್ಕ ಇಟ್ಕೊಂಡು ಆರಿಸಿ. ಹುಲಿ ಕಾಣೋದು ಬಿಡೋದು ಅದರ ಇಷ್ಟ, ಬಂಡೀಪುರ ಕಬಿನಿ ಸುತ್ತಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಕೋಟೆ ಎಲ್ಲೂ ಓಡಿಹೋಗಲ್ಲ, ಮತ್ತೆ ಈ ಎರಡು ಜಾಗದ ಕೋಟೆಗಳು ನೋಡೋಕೆ, ಓಡಾಡೋಕೆ, ಅಲ್ಲಿ ನಡೆದ ಕಥೆಗೆ ಎಲ್ಲದ್ರಲ್ಲೂ ಪೂರ್ತಿ ಬೇರೆ ಬೇರೆ.

ಹೋಗೋದು ಹೇಗೆ ಅನ್ನೋದ್ರಲ್ಲಿ ರಣಥಂಬೋರ್ ಸುಲಭ. ಸವಾಯಿ ಮಾಧೋಪುರ ಸ್ಟೇಷನ್ ದೆಹಲಿ–ಮುಂಬೈ ಮೇನ್ ಲೈನ್ ಮೇಲಿದೆ, ನಮ್ಮ ಮೈಸೂರು–ಜೈಪುರ ಎಕ್ಸ್‌ಪ್ರೆಸ್ಸೂ ಅಲ್ಲೇ ನಿಲ್ಲುತ್ತೆ, ಸ್ಟೇಷನ್‌ನಿಂದ ಆಟೋ ಹತ್ತಿದ್ರೆ ಹೋಟೆಲು. ಸರಿಸ್ಕಾಗೆ ಅಲ್ವರ್‌ವರೆಗೆ ಟ್ರೇನು, ಅಲ್ಲಿಂದ ರೋಡಲ್ಲಿ ಹೋಗ್ಬೇಕು, ಇಲ್ಲಾಂದ್ರೆ ಜೈಪುರದಿಂದ ಕಾರ್ ಮಾಡ್ಕೊಂಡ್ರೆ ಸುಮಾರು 110 ಕಿ.ಮೀ. ಸರಿಸ್ಕಾ ಪಕ್ಕದ ಪಾಳು ಕೋಟೆ ಭಾನ್‌ಗಢ್‌ನೂ ಸೇರಿಸ್ಕೋಬೇಕು ಅಂದ್ರೆ ಕಾರ್ ಇಲ್ದೆ ಆಗಲ್ಲ, ಬಸ್ ನಂಬ್ಕೊಂಡ್ರೆ ಇಡೀ ದಿನ ಅದರಲ್ಲೇ ಹೋಗುತ್ತೆ.

ಈಗ ರಣಥಂಬೋರ್ ಕೋಟೆ. ಅಲ್ಲಿಗೆ ಹೋಗೋ ನೂರಕ್ಕೆ ತೊಂಬತ್ತು ಜನ ಬೆಳಿಗ್ಗೆ ಸಫಾರಿ, ಮಧ್ಯಾಹ್ನ ಸಫಾರಿ, ಮಧ್ಯೆ ಹೋಟೆಲಲ್ಲಿ ನಿದ್ದೆ ಮಾಡಿ ವಾಪಸ್ ಬಂದ್ಬಿಡ್ತಾರೆ, ಕೋಟೆ ಕಡೆ ತಲೆನೂ ಹಾಕಲ್ಲ, ಅದು ನನಗೆ ನಿಜವಾಗ್ಲೂ ಬೇಜಾರು. ಈ ಕೋಟೆ ಕಾಡಿನ ಪಕ್ಕದಲ್ಲಿಲ್ಲ, ಕಾಡಿನ ನಡುವೆ ಇದೆ. ಸಫಾರಿ ಟಿಕೆಟ್ ಬೇಡ, ಊರಿಂದ ಜೀಪ್ ಮಾಡ್ಕೊಂಡು ಮಿಶ್ರದರ್ರಾ ಗೇಟ್ ದಾಟಿ ಕಣಿವೆ ದಾರಿಲಿ ಕೋಟೆ ಬುಡಕ್ಕೆ ಹೋಗ್ಬಹುದು, ಅಲ್ಲಿಂದ ಮೆಟ್ಲು. ಕೆಳಗಿನ ಬಯಲಿಂದ ಸುಮಾರು 700 ಅಡಿ ಎತ್ತರದಲ್ಲಿರೋ ಬಂಡೆಯ ನೆತ್ತಿ ಅದು, ಗೋಡೆ ಎಲ್ಲಿ ಮುಗಿಯುತ್ತೆ ಬಂಡೆ ಎಲ್ಲಿ ಶುರುವಾಗುತ್ತೆ ಅಂತ ಕೆಳಗಿಂದ ಗೊತ್ತೇ ಆಗಲ್ಲ. ಮೊದ್ಲು ಸಿಗೋದು ನೌಲಖಾ ಪೋಲ್, ಆಮೇಲೆ ಹಾಥಿ ಪೋಲ್, ಗಣೇಶ್ ಪೋಲ್, ಅಂಧೇರಿ ಪೋಲ್, ಒಂದೊಂದು ಬಾಗ್ಲಿಗೂ ದಾರಿ ತಿರುಗುತ್ತೆ, ಆನೆ ಓಡ್ಬಂದು ಬಾಗ್ಲಿಗೆ ಗುದ್ದೋಕೆ ಜಾಗ ಸಿಗಬಾರದು ಅಂತ. ನಮ್ಮ ಚಿತ್ರದುರ್ಗದ ಏಳು ಸುತ್ತಿನ ಕೋಟೆ ನೋಡಿದೋರಿಗೆ ಈ ಉಪಾಯ ತಕ್ಷಣ ಗೊತ್ತಾಗುತ್ತೆ. ಬಾಗ್ಲ ಮರದ ಮೇಲೆ ಮುಂದಕ್ಕೆ ಚಾಚಿಕೊಂಡಿರೋ ಕಬ್ಬಿಣದ ಮೊಳೆಗಳನ್ನ ಕೈಯಿಂದ ಮುಟ್ಟಿ ನೋಡಿ, ಈಗ್ಲೂ ಚೂಪು ಹೋಗಿಲ್ಲ. ಮೆಟ್ಲು ಭಕ್ತರ ಕಾಲಿಗೆ ಸವೆದು ಸವೆದು ನುಣ್ಣಗಾಗಿವೆ, ಬೆಳಗಿನ ಇಬ್ಬನಿ ಬಿದ್ದಾಗ ಜಾರುತ್ತೆ, ವಯಸ್ಸಾದೋರು ಜೊತೆಲಿದ್ರೆ ಕೈ ಹಿಡ್ಕೊಂಡೇ ಹತ್ತಿಸಿ.

ಭಕ್ತರು ಅಂದ್ನಲ್ಲ, ಕೋಟೆ ಮೇಲೆ ತ್ರಿನೇತ್ರ ಗಣೇಶನ ದೇವಸ್ಥಾನ ಇದೆ, ಆ ಸೀಮೆಯಲ್ಲಿ ಮದ್ವೆ ಆದ್ರೆ ಮೊದಲ್ನೇ ಲಗ್ನಪತ್ರಿಕೆ ಈ ಗಣಪತಿಗೇ ಹೋಗ್ಬೇಕು, ಬರಕ್ಕಾಗದೋರು ಪೋಸ್ಟಲ್ಲಿ ಕಳಿಸ್ತಾರೆ, ಪೋಸ್ಟ್‌ಮ್ಯಾನ್ ಹತ್ಕೊಂಡು ಬಂದು ಕೊಡ್ತಾನೆ, ಪೂಜಾರಿ ದೇವರ ಮುಂದೆ ಇಡ್ತಾರೆ. ಗಣೇಶ ಚೌತಿಗೆ ಲಕ್ಷಗಟ್ಟಲೆ ಜನ, ಆಗ ಹೋಗ್ಬೇಡಿ. ಬುಧವಾರನೂ ರಷ್ ಇರುತ್ತೆ.

ದೇವಸ್ಥಾನ ನೋಡ್ಕೊಂಡು ಅಲ್ಲಿಂದಲೇ ತಿರುಗಿ ಇಳೀಬೇಡಿ, ಸ್ವಲ್ಪ ಮುಂದೆ ಮೂವತ್ತೆರಡು ಕಂಬದ ಛತ್ರಿ ಅನ್ನೋ ಕಲ್ಲಿನ ಮಂಟಪ, ಹಮ್ಮೀರ ಮಹಲ್, ಬಾದಲ್ ಮಹಲ್ ಎಲ್ಲ ಇದಾವೆ, ಅಲ್ಲಿಗೆ ಜನನೇ ಬರಲ್ಲ. ಈ ಕೋಟೆಯ ರಾಜ ಹಮ್ಮೀರದೇವ ಚೌಹಾನನ ಕಥೆ ಗೊತ್ತಿದ್ರೆ ಆ ಜಾಗ ಬೇರೆ ಥರ ಕಾಣುತ್ತೆ. 1299ರಲ್ಲಿ ಗುಜರಾತ್ ಲೂಟಿ ಮುಗಿಸಿ ವಾಪಸ್ ಬರ್ತಿದ್ದ ಅಲಾವುದ್ದೀನ್ ಖಿಲ್ಜಿ ಸೈನ್ಯದಲ್ಲಿ ಲೂಟಿ ಪಾಲಿನ ಜಗಳಕ್ಕೆ ಮಂಗೋಲ್ ಸೈನಿಕರು ದಂಗೆ ಎದ್ರು, ತಪ್ಪಿಸ್ಕೊಂಡು ಬಂದೋರಿಗೆ ಹಮ್ಮೀರ ಇಲ್ಲಿ ಆಶ್ರಯ ಕೊಟ್ಟ. ಒಪ್ಪಿಸು ಅಂತ ದೆಹಲಿಯಿಂದ ಹೇಳಿ ಕಳಿಸಿದ್ರೆ ಆಗಲ್ಲ ಅಂದ. ಮುತ್ತಿಗೆಲಿ ಖಿಲ್ಜಿಯ ದೊಡ್ಡ ಸರದಾರ ನುಸ್ರತ್ ಖಾನ್ ಕೋಟೆ ಮೇಲಿಂದ ಬಂದ ಕಲ್ಲೇಟಿಗೆ ಸತ್ತ, ಆಮೇಲೆ ಸುಲ್ತಾನನೇ ಖುದ್ದು ಬಂದು ಕೂತ. 1301ರ ಜುಲೈನಲ್ಲಿ ಕೋಟೆ ಬಿತ್ತು, ಒಳಗಿದ್ದ ಹೆಂಗಸರು ಜೌಹರ್ ಮಾಡ್ಕೊಂಡ್ರು, ಅಂದ್ರೆ ಶತ್ರು ಕೈಗೆ ಸಿಗಬಾರದು ಅಂತ ಬೆಂಕಿಗೆ ಹಾರಿದ್ರು. ಅದಾಗಿ ಹತ್ತು ವರ್ಷಕ್ಕೆ, 1311ರಲ್ಲಿ, ಇದೇ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ನಮ್ಮ ದ್ವಾರಸಮುದ್ರಕ್ಕೆ ಬಂದಿದ್ದು, ಹಳೇಬೀಡು ನೋಡಿದೋರು ಇದನ್ನ ನೆನಪಿಟ್ಕೊಂಡು ಇಲ್ಲಿ ನಿಲ್ಲಿ. ಆಮೇಲೆ ಅಕ್ಬರ್ ಬಂದಾಗ ಎದುರಿನ ಗುಡ್ಡದ ಮೇಲಕ್ಕೆ ದೊಡ್ಡ ದೊಡ್ಡ ಫಿರಂಗಿಗಳನ್ನ ಎತ್ತು ಕಟ್ಟಿ ಎಳೆಸಿದ, 1569ರಲ್ಲಿ ಆಗ ಕೋಟೆ ಒಡೆಯನಾಗಿದ್ದ ಸುರ್ಜನ್ ಹಾಡಾ ಬೀಗದಕೈ ಕೊಟ್ಬಿಟ್ಟ. 2013ರಲ್ಲಿ ಯುನೆಸ್ಕೋ ರಾಜಸ್ಥಾನದ ಆರು ಗಿರಿದುರ್ಗಗಳನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಅದರಲ್ಲಿ ಇದೂ ಒಂದು.

ಮತ್ತೆ ಆ ಗೋಡೆ ಅಂಚಿಂದ ಕಾಣೋ ನೋಟ ಇದೆಯಲ್ಲ, ಅದಕ್ಕೋಸ್ಕರನೇ ಹತ್ತಬಹುದು. ಕೆಳಗೆ ಪದಮ್ ತಲಾವ್ ಕೆರೆ, ದಡದಲ್ಲಿ ಕೆಂಪು ಕಲ್ಲಿನ ಜೋಗಿ ಮಹಲ್, ಅದರ ಪಕ್ಕ ಭಾರೀ ಆಲದ ಮರ, ಕತ್ತು ಮಟ್ಟ ನೀರಲ್ಲಿ ಇಳಿದು ಜೊಂಡು ಮೇಯ್ತಿರೋ ಕಡವೆಗಳು, ದೂರದಲ್ಲಿ ಮರದ ದಿಮ್ಮಿ ಥರ ಬಿದ್ದಿರೋ ಮೊಸಳೆ. ಸಫಾರಿಗೆ ದುಡ್ಡು ಕೊಟ್ಟು ಹೋದೋರು ಕೆಳಗಿಂದ ನೋಡೋದನ್ನ ನೀವು ಮೇಲಿಂದ ಒಟ್ಟಿಗೇ ನೋಡ್ತೀರಿ. ಒಂದು ಜೊತೆ ಬೈನಾಕ್ಯುಲರ್ ತಗೊಂಡೋಗಿ ಸಾಕು.

ಒಂದು ವಿಷಯ ಗಂಭೀರವಾಗಿ ಹೇಳ್ಬೇಕು. ಕೋಟೆಗೆ ಹೋಗೋ ಈ ದಾರಿ ಹುಲಿ ಓಡಾಡೋ ದಾರಿನೇ. 2025ರ ಏಪ್ರಿಲಲ್ಲಿ ದೇವಸ್ಥಾನದಿಂದ ವಾಪಸ್ ಬರ್ತಿದ್ದ ಏಳು ವರ್ಷದ ಹುಡುಗ ಹುಲಿಗೆ ಬಲಿಯಾದ. ಅದಕ್ಕೆ ನಡ್ಕೊಂಡು ಹೋಗೋ ಯೋಚನೆ ಬೇಡ, ಗಾಡಿಲೇ ಹೋಗಿ, ಆವತ್ತು ಕೋಟೆ ದಾರಿ ತೆರೆದಿದೆಯಾ, ಎಷ್ಟು ಗಂಟೆಗೆ ಇಳೀಬೇಕು ಅಂತ ಗೇಟಲ್ಲಿ ಕೇಳ್ಕೊಳ್ಳಿ, ಮಕ್ಕಳನ್ನ ಕೈ ಬಿಡ್ಬೇಡಿ, ಕತ್ತಲಾಗೋ ತನಕ ಅಲ್ಲಿ ಇರ್ಬೇಡಿ.

ಸಫಾರಿ ವಿಷಯಕ್ಕೆ ಬಂದ್ರೆ ರಣಥಂಬೋರ್‌ನಲ್ಲಿ ಒಂದರಿಂದ ಹತ್ತರವರೆಗೆ ಝೋನ್‌ಗಳು, ಆರು ಸೀಟಿನ ಜಿಪ್ಸಿ ಇಲ್ಲಾ ಇಪ್ಪತ್ತು ಸೀಟಿನ ಕ್ಯಾಂಟರ್. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗಲ್ಲೇ ಮಾಡಿ, ಐಡಿ ಕಾರ್ಡ್ ಕಡ್ಡಾಯ. ಮೂರನೇ ಝೋನ್ ಸಿಕ್ಕಿದ್ರೆ ಕೋಟೆ ಮೇಲಿಂದ ಕಂಡ ಅದೇ ಪದಮ್ ತಲಾವ್ ಕೆರೆ ಸುತ್ತ ಹೋಗ್ತೀರಿ, ಮೊಸಳೆ ಜೊತೆ ಕಾದಾಡಿ ಹೆಸರು ಮಾಡಿ 2016ರಲ್ಲಿ ತೀರ್ಕೊಂಡ ಮಛ್ಲಿ ಅನ್ನೋ ಹೆಣ್ಣುಹುಲಿ ಆಳಿದ ಜಾಗ ಈ ಕೆರೆಗಳ ಸುತ್ತಮುತ್ತಲೇ. ನಮಗೆ ಅಲ್ಲಿ ಹುಲಿ ಕಾಣ್ತು, ಹುಲ್ಲಿನ ಮಧ್ಯೆ ನಡ್ಕೊಂಡು ಬಂದು ರಸ್ತೆ ದಾಟ್ತು, ಮೈ ಝುಂ ಅಂತು, ಆದ್ರೆ ಅಷ್ಟೊತ್ತಿಗೆ ಹಿಂದೆ ಮುಂದೆ ಗಾಡಿ ಮೇಲೆ ಗಾಡಿ ಬಂದು ನಿಂತು ಒಬ್ರಿಗೊಬ್ರು ಕೂಗಾಡಿ, ಹುಲಿಗೆ ದಾರಿ ಬಿಡದೇ ಇದ್ದಿದ್ದು ನೋಡಿ ಸಿಟ್ಟೂ ಬಂತು. ಕಬಿನಿಲಿ ಸಿಗೋ ನಿಶ್ಶಬ್ದ ಇಲ್ಲಿ ನಿರೀಕ್ಷೆ ಮಾಡ್ಬೇಡಿ. ಕ್ಯಾಂಟರ್ ಬೇಡವೇ ಬೇಡ, ಅಷ್ಟು ಜನ ಒಟ್ಟಿಗಿದ್ರೆ ಒಬ್ರಾದ್ರೂ ಮಾತಾಡ್ತಾನೇ ಇರ್ತಾರೆ. ಕಾಡು ಮಾತ್ರ ಚಂದ, ಹೆಚ್ಚಾಗಿ ಧೋಕ್ ಮರ, ನಮ್ಮ ದಿಂಡಿಗದ ಹತ್ತಿರದ ಜಾತಿ, ಬೇಸಿಗೆಲಿ ಎಲೆ ಉದುರಿ ಬೋಳಾಗಿರುತ್ತೆ ಅದಕ್ಕೇ ಪ್ರಾಣಿ ದೂರದಿಂದ್ಲೇ ಕಾಣುತ್ತೆ. ಜಿಪ್ಸಿ ನಿಂತ ತಕ್ಷಣ ಮಟಪಕ್ಷಿಗಳು ಬಂದು ಸೀಟ್ ಕಂಬಿ ಮೇಲೆ ಕೂರ್ತವೆ, ತಿಂಡಿ ಹಾಕ್ಬೇಡಿ ದಯವಿಟ್ಟು.

ಸರಿಸ್ಕಾ ಇದಕ್ಕೆ ತದ್ವಿರುದ್ಧ. ಗಾಡಿ ಕಮ್ಮಿ, ಜನ ಕಮ್ಮಿ, ಹುಲಿ ಕಾಣೋ ಸಾಧ್ಯತೆನೂ ಕಮ್ಮಿ. ಈ ಕಾಡಿನ ಹಿಂದೆ ದೊಡ್ಡ ನೋವಿನ ಕಥೆ ಇದೆ, 1978ರಲ್ಲೇ ಹುಲಿ ಮೀಸಲು ಆಗಿದ್ದ ಜಾಗದಲ್ಲಿ ಬೇಟೆಗಾರರು ಒಂದೊಂದೇ ಹುಲಿ ಮುಗಿಸಿ 2005ರ ಹೊತ್ತಿಗೆ ಒಂದೂ ಉಳಿದಿಲ್ಲ ಅಂತ ಖಚಿತವಾಯ್ತು, ದೇಶವೇ ಬೆಚ್ಚಿಬಿತ್ತು, ಈಗಿರೋ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಟ್ಟಿದ್ದಕ್ಕೆ ಈ ಘಟನೆಯೇ ದೊಡ್ಡ ಕಾರಣ. 2008ರ ಜೂನಲ್ಲಿ ರಣಥಂಬೋರ್‌ನಿಂದ ವಾಯುಪಡೆ ಹೆಲಿಕಾಪ್ಟರಲ್ಲಿ ಗಂಡುಹುಲಿ ತಂದು ಬಿಟ್ರು, ಆಮೇಲೆ ಹೆಣ್ಣು, ಹೀಗೆ ಮತ್ತೆ ಶುರುವಾಗಿ ಈಗ ನಲವತ್ತು ದಾಟಿದಾವೆ. ಅಂದ್ರೆ ಸರಿಸ್ಕಾದಲ್ಲಿ ನೀವು ನೋಡೋ ಹುಲಿನೂ ಮೂಲದಲ್ಲಿ ರಣಥಂಬೋರ್ ಮನೆತನದ್ದೇ. ನಮಗೆ ಅಲ್ಲಿ ಹುಲಿ ಕಾಣ್ಲಿಲ್ಲ. ಕಾಲೀಘಾಟಿ ಹತ್ರ ಮೆತ್ತನೆ ಧೂಳಲ್ಲಿ ಹೊಸ ಹೆಜ್ಜೆ ಇತ್ತು, ಹಿಮ್ಮಡಿ ಭಾಗದ ಮೂರು ಉಬ್ಬು ಕೂಡ ಸ್ಪಷ್ಟವಾಗಿ ಒತ್ತಿತ್ತು, ಗೈಡ್ ಎಂಜಿನ್ ಆಫ್ ಮಾಡಿಸಿದ್ರು, ಗುಡ್ಡದ ಕಡೆಯಿಂದ ಕಡವೆ ಢಾಂಕ್ ಢಾಂಕ್ ಅಂತ ಕೂಗ್ತು, ಮುಸುವಗಳು ಮರದ ತುದಿಗೆ ಹತ್ತಿ ಒಂದೇ ದಿಕ್ಕಿಗೆ ನೋಡ್ತಿದ್ವು, ಅಷ್ಟೆ. ನನಗೆ ಅದೇ ಸಾಕಾಯ್ತು, ಆದ್ರೆ ಮಕ್ಕಳನ್ನ ಹುಲಿ ತೋರಿಸ್ತೀನಿ ಅಂತ ಕರ್ಕೊಂಡೋದ್ರೆ ಅವಕ್ಕೆ ಸಾಕಾಗಲ್ಲ. ಮಂಗಳವಾರ ಶನಿವಾರ ಹೋಗ್ಬೇಡಿ, ಕಾಡೊಳಗೇ ಇರೋ ಪಾಂಡುಪೋಲ್ ಹನುಮಂತನ ಗುಡಿಗೆ ಭಕ್ತರು ತುಂಬಿರ್ತಾರೆ, ಈ ಓಡಾಟದ ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿದೆ. ಗುಡಿ ಮಾತ್ರ ನೋಡೋ ಹಂಗಿದೆ, ಭೀಮನ ಗರ್ವ ಇಳಿಸಿದ ಹನುಮಂತ ಇಲ್ಲಿ ಮಲಗಿರೋ ಭಂಗಿಲಿದ್ದಾನೆ.

ಸರಿಸ್ಕಾ ಕಡೆ ಕೋಟೆ ಅಂದ್ರೆ ಎಲ್ಲರ ಬಾಯಲ್ಲೂ ಭಾನ್‌ಗಢ್. ದೆವ್ವದ ಕೋಟೆ ಅಂತ ವಿಡಿಯೋ ಮಾಡೋರು ಅದನ್ನ ಕೆಡಿಸಿಟ್ಟಿದ್ದಾರೆ. ಸೂರ್ಯಾಸ್ತದ ಮೇಲೆ, ಸೂರ್ಯೋದಯಕ್ಕೆ ಮುಂಚೆ ಒಳಗೆ ಹೋಗಬಾರದು ಅಂತ ಪುರಾತತ್ವ ಇಲಾಖೆ ಬೋರ್ಡ್ ಹಾಕಿರೋದು ನಿಜ, ಆದ್ರೆ ಪಕ್ಕದಲ್ಲೇ ಹುಲಿ ಕಾಡಿರೋ ಪಾಳು ಊರಲ್ಲಿ ರಾತ್ರಿ ಬಿಡಬಾರದು ಅನ್ನೋಕೆ ದೆವ್ವ ಬೇಕಾ? ನಿಜವಾಗಿ ನೋಡ್ಬೇಕಾಗಿರೋದು ಅದೊಂದು ಇಡೀ ಊರು ಅನ್ನೋದನ್ನ. 1573ರಲ್ಲಿ ಜೈಪುರದ ಹತ್ತಿರದ ಆಮೇರಿನ ರಾಜ ಭಗವಂತದಾಸ ಕಟ್ಟಿಸಿದ್ದು, ಅವನ ಮಗ, ಅಕ್ಬರನ ಸರದಾರ ಮಾನಸಿಂಗನ ತಮ್ಮ ಮಾಧೋಸಿಂಗ್ ಇಲ್ಲಿದ್ದ. ಬಾಗ್ಲು ದಾಟಿದ್ರೆ ನೆಟ್ಟಗೆ ಬಜಾರ್ ಬೀದಿ, ಎರಡೂ ಕಡೆ ಅಂಗಡಿ ಗೋಡೆಗಳು ಸಾಲಾಗಿ, ಛಾವಣಿ ಒಂದಕ್ಕೂ ಇಲ್ಲ. 1783ರ ಬರ ಊರನ್ನ ಖಾಲಿ ಮಾಡಿಸ್ತು. ಹಂಪಿ ಬಜಾರಲ್ಲಿ ನಡೆದೋರಿಗೆ ಇಲ್ಲಿ ಕಾಲು ತಾನೇ ನಿಧಾನ ಆಗುತ್ತೆ. ಕೊನೇಲಿ ಗೋಪಿನಾಥ ದೇವಸ್ಥಾನ, ಸೋಮೇಶ್ವರ ದೇವಸ್ಥಾನ, ಸೋಮೇಶ್ವರದ ಹತ್ರ ಮೆಟ್ಲಿರೋ ಕೊಳ, ಪಕ್ಕದಲ್ಲಿ ಕೇದಿಗೆ ಪೊದೆ. ಅರಮನೆ ಹಿಂದಿನ ಗುಡ್ಡದ ಬುಡದಲ್ಲಿದೆ, ಮೇಲೆ ಹತ್ತಿದ್ರೆ ಊರಿನ ನಕ್ಷೆ ಪೂರ್ತಿ ಕಾಣುತ್ತೆ. ರಣಥಂಬೋರ್ ಯುದ್ಧದ ಕೋಟೆ, ಇದು ಸಂಸಾರ ಮಾಡಿದ ಕೋಟೆ, ಅಷ್ಟು ವ್ಯತ್ಯಾಸ. ಬೆಳಿಗ್ಗೆ ಬಾಗ್ಲು ತೆಗೆಯೋ ಹೊತ್ತಿಗೆ ಹೋಗಿ, ಹತ್ತು ಗಂಟೆ ಮೇಲೆ ರೀಲ್ಸ್ ಮಾಡೋರ ಗಲಾಟೆ.

ಇನ್ನೊಂದು ಕಾಂಕವಾರಿ ಕೋಟೆ, ಸರಿಸ್ಕಾ ಕಾಡಿನ ಒಳಗೇ ಇದೆ, ಔರಂಗಜೇಬ್ ತನ್ನಣ್ಣ ದಾರಾ ಶಿಕೋನ ಇಲ್ಲಿ ಸೆರೆ ಇಟ್ಟಿದ್ದ ಅಂತ ಅಲ್ಲಿನೋರು ಹೇಳ್ತಾರೆ. ಟೆಹ್ಲಾ ಗೇಟ್ ಕಡೆಯಿಂದ ಸಫಾರಿ ಮಾಡಿದ್ರೆ ಹತ್ರ, ಬುಕ್ ಮಾಡೋವಾಗ್ಲೇ ಆ ರೂಟ್ ಕೇಳಿ. ಅಲ್ವರ್ ಊರಿನ ಮೇಲಿರೋ ಬಾಲಾ ಕಿಲಾ ಕೋಟೆನೂ ಈಗ ಸರಿಸ್ಕಾದ ಅಂಚಿನ ಬಫರ್ ಕಾಡಿಗೆ ಸೇರುತ್ತೆ, 1527ರಲ್ಲಿ ಖಾನ್ವಾದಲ್ಲಿ ಬಾಬರನ ಎದುರು ಹೋರಾಡಿ ಸತ್ತ ಹಸನ್ ಖಾನ್ ಮೇವಾತಿಯ ನೆಲ ಅದು, ಸಂಜೆ ಚೆನ್ನಾಗಿರುತ್ತೆ. ಇಳಿದು ಬಂದು ಅಲ್ವರ್ ಮಿಲ್ಕ್ ಕೇಕ್ ತಿನ್ನಿ. ಸವಾಯಿ ಮಾಧೋಪುರದಲ್ಲಿ ಚಳಿಗಾಲಕ್ಕೆ ಸೀಬೆಹಣ್ಣು.

ಸೀಸನ್ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಜುಲೈನಿಂದ ಸೆಪ್ಟೆಂಬರ್ ಮುಖ್ಯ ಝೋನ್‌ಗಳು ಬಂದ್. ಡಿಸೆಂಬರ್ ಜನವರಿಲಿ ಓಪನ್ ಜಿಪ್ಸಿ ಬೆಳಗಿನ ಚಳಿ ನಮ್ ಬೆಂಗಳೂರಿನ ಸ್ವೆಟರಿಗೆ ತಡೆಯಲ್ಲ, ಟೋಪಿ ಗ್ಲೌಸ್ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹುಲಿ ನೀರಿಗೆ ಬರುತ್ತೆ, ಆದ್ರೆ ಆ ಬಿಸಿಲಲ್ಲಿ ಕೋಟೆ ಹತ್ತೋದು ಕಷ್ಟ. ಎರಡೂ ಬೇಕು ಅಂದ್ರೆ ಫೆಬ್ರವರಿ ಕೊನೆ, ಮಾರ್ಚ್ ಮೊದಲ ಭಾಗ ನನ್ನ ಪ್ರಕಾರ ಸರಿಯಾದ ಕಾಲ.

ಮೊದಲ್ನೇ ಸಲ ಹೋಗೋರು, ಮಕ್ಕಳು ಜೊತೆಗಿರೋರು, ರಜೆ ಕಮ್ಮಿ ಇರೋರು ರಣಥಂಬೋರ್‌ಗೇ ಹೋಗಿ, ಆದ್ರೆ ಒಂದು ಸಫಾರಿ ಬಿಟ್ಟಾದ್ರೂ ಸರಿ ಅರ್ಧ ದಿನ ಕೋಟೆಗೆ ಕೊಡಿ. ಈಗಾಗ್ಲೇ ಹುಲಿ ನೋಡಿರೋರು, ಪಾಳು ಊರು, ಹಳೇ ಗುಡಿ, ಹಕ್ಕಿ ಇಂಥವು ಇಷ್ಟ ಇರೋರು ಸರಿಸ್ಕಾಗೆ ಹೋಗಿ. ಎರಡನ್ನೂ ಸೇರಿಸೋಕೆ ಟೈಮ್ ಇದ್ರೆ ಮೊದ್ಲು ರಣಥಂಬೋರ್ ಮುಗಿಸಿ, ಸವಾಯಿ ಮಾಧೋಪುರದಿಂದ ಲಾಲಸೋಟ್, ದೌಸಾ ಮೇಲೆ ಕಾರಲ್ಲಿ ಭಾನ್‌ಗಢ್, ಅಲ್ಲಿಂದ ಸರಿಸ್ಕಾ. ದೌಸಾದಿಂದ ಸ್ವಲ್ಪ ಆ ಕಡೆ ಹೋದ್ರೆ ಆಭಾನೇರಿಯ ಚಾಂದ್ ಬಾವಡಿ ಇದೆ, ಸಾವಿರ ವರ್ಷದ ಮೇಲಿನ ಮೆಟ್ಟಿಲುಬಾವಿ, ಇಷ್ಟು ದೂರ ಬಂದಿರ್ತೀರಿ, ಡ್ರೈವರ್‌ಗೆ ಹೊರಡೋವಾಗ್ಲೇ ಹೇಳಿಟ್ಟಿರಿ.