ಎಂ77 ನೋಡಬೇಕಾ, 3ಸಿ 273 ನೋಡಬೇಕಾ?

ಎಂಟು ಇಂಚಿನ ಟೆಲಿಸ್ಕೋಪ್ ಇದ್ದು, ಕಪ್ಪುಕುಳಿಯಿಂದ ಬೆಳಗುವ ಗ್ಯಾಲಕ್ಸಿ ನೋಡುವ ಆಸೆಯಿದ್ದರೆ ಮೊದಲು ಎಂ77 ಹುಡುಕಿ. ಡಿಸೆಂಬರ್ ರಾತ್ರಿ, ತಿಮಿಂಗಿಲ ನಕ್ಷತ್ರಪುಂಜದಲ್ಲಿ, ಡೆಲ್ಟಾ ಸೆಟಿ ಎಂಬ ನಕ್ಷತ್ರದ ಪಕ್ಕದಲ್ಲೇ ಸಿಗುತ್ತದೆ. ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಮಂಕು) ಸುಮಾರು 9. ನಡುವೆ ಹೊಳಪು, ಸುತ್ತ ಮಂಜು. ಆದರೆ ಕಪ್ಪುಕುಳಿ ಸುತ್ತಲಿನ ಬಿಸಿ ಅನಿಲದ ತಟ್ಟೆಯನ್ನು ದಟ್ಟ ದೂಳು ಮುಚ್ಚಿದೆ, ಅದರ ಬೆಳಕು ನೇರವಾಗಿ ನಮಗೆ ಬರುವುದಿಲ್ಲ.

3ಸಿ 273 ಒಂದು ಕ್ವೇಸಾರ್, ಅಂದರೆ ಬಹುದೂರದ ಗ್ಯಾಲಕ್ಸಿಯ ಪ್ರಖರ ನಡುಭಾಗ; ಅದು ಹಾಗಲ್ಲ. ಏಪ್ರಿಲ್‌ನಲ್ಲಿ ಕನ್ಯಾ ರಾಶಿ ಕಡೆ ನೋಡಿ. ಕಾಂತಿಮಾನ ಸುಮಾರು 13, ನೋಡಲು ಸುಮ್ನೆ ಒಂದು ಮಂಕು ನಕ್ಷತ್ರ, ಒಳ್ಳೆ ನಕ್ಷೆ ಇಲ್ಲದೆ ಗುರುತೇ ಸಿಗುವುದಿಲ್ಲ. ಆದರೂ ನನ್ನ ಆಯ್ಕೆ ಇದೇ. ಆ ಚುಕ್ಕಿ ಕಪ್ಪುಕುಳಿಗೆ ಬೀಳುತ್ತಿರುವ ಅನಿಲದ್ದೇ ಬೆಳಕು, ಅಲ್ಲಿಂದ ಹೊರಟು ಸುಮಾರು 200 ಕೋಟಿ ವರ್ಷ ಆಗಿದೆ! 1963ರಲ್ಲಿ ಖಗೋಳ ವಿಜ್ಞಾನಿ ಮಾರ್ಟೆನ್ ಸ್ಮಿತ್ ಇದರ ವರ್ಣಪಟಲ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ಓದಿದಾಗಲೇ ಇದು ಇಷ್ಟು ದೂರದ್ದು ಅಂತ ಗೊತ್ತಾಗಿದ್ದು.